ಕಡಿಮೆ ಕಾಸಿನ ಇಟಾಲಿಯನ್ ಹೆಣಗಳು

ಕೇಳುಗರಿಗೆ ನಮಸ್ಕಾರ.

ಸಮುದ್ರದ ತಳದಲ್ಲಿ ಒಂದು ಹೆಣವೂ ಒಂದು ಶಾರ್ಕ್ ಮೀನೂ ಕುಸ್ತಿಗೆ ಬಿದ್ದಿವೆ. ಹೆಣ ಶಾರ್ಕಿನ ಮೈಗೆ ಬಾಯಿ ಹಾಕಿ ಒಂದು ತುಂಡು ಕಿತ್ತುಕೊಳ್ಳುತ್ತದೆ. ಶಾರ್ಕ್ ಸುಮ್ಮನಿರುತ್ತದೆಯೇ? ಅದು ಹೆಣದ ಕೈಯನ್ನೇ ಕಿತ್ತುಕೊಂಡು ಹೋಗುತ್ತದೆ.

1979ರಲ್ಲಿ ಬಂದ 'ಜೋಂಬಿ 2' ಅನ್ನುವ ಇಟಾಲಿಯನ್ ಸಿನಿಮಾದಲ್ಲಿ ಈ ದೃಶ್ಯ ಇದೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಕೈಯಲ್ಲಿ ಕಾಸೂ ಇಲ್ಲ. ಹಾಗಾಗಿ ನಿಜವಾದ ಶಾರ್ಕನ್ನೇ ಇಟ್ಟುಕೊಂಡು ತೆಗೆದರು. ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪದ ಹತ್ತಿರ ರಾಮೋನ್ ಬ್ರಾವೋ ಎಂಬುವರು ಹೆಣದ ವೇಷ ಹಾಕಿಕೊಂಡು ನೀರಿಗಿಳಿದರು. ಅವರು ನೀರೊಳಗೆ ಕ್ಯಾಮೆರಾ ಹಿಡಿದು, ಶಾರ್ಕ್‌ಗಳ ನಡುವೆಯೇ ಪಳಗಿದವರು. ಶಾರ್ಕಿಗೆ ಮೊದಲೇ ಹೊಟ್ಟೆ ತುಂಬ ತಿನ್ನಿಸಿ, ಮಂಪರು ಬರುವ ಮದ್ದನ್ನೂ ಕೊಟ್ಟಿದ್ದರಂತೆ. ಕೊಟ್ಟಿರಲಿ ಬಿಡಿ. ಮುಖಕ್ಕೆ ಬಣ್ಣ ಮೆತ್ತಿಕೊಂಡು, ಬಾಯಿಗೆ ಗಾಳಿಯ ಕೊಳವೆ ಇಲ್ಲದೆ, ಆ ಮೀನನ್ನು ತಬ್ಬಿಕೊಳ್ಳೋಕೆ ನೀವು ತಯಾರಿದ್ದೀರಾ?

ನಾನಂತೂ ಇಲ್ಲ. ಆದರೆ ನೋಡೋಕೆ ಮಾತ್ರ ಯಾವಾಗಲೂ ತಯಾರು. ಜೋಂಬಿ ಅಂದರೆ ಸತ್ತ ಮೇಲೆ ಎದ್ದು ಬಂದು ಬದುಕಿದ್ದವರನ್ನು ತಿನ್ನುವ ಹೆಣ. ಇಂಥ ಅಗ್ಗದ ಇಟಾಲಿಯನ್ ಜೋಂಬಿ ಸಿನಿಮಾಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅವುಗಳಲ್ಲಿ ಅಂಥದ್ದೇನಿದೆ ಅನ್ನೋದೇ ಇವತ್ತಿನ ಮಾತು.

ಮೊದಲು ಆ '2' ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಅಮೆರಿಕದ ಜಾರ್ಜ್ ರೊಮೆರೊ 'ಡಾನ್ ಆಫ್ ದ ಡೆಡ್' ಅಂತ ಒಂದು ಸಿನಿಮಾ ಮಾಡಿದರು. ಅದಕ್ಕೆ ಹಣ ಹೊಂದಿಸಲು ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೊ ಕೈಜೋಡಿಸಿದ್ದರು. ಅದನ್ನು ತಮ್ಮ ರೀತಿಯಲ್ಲಿ ಎಡಿಟ್ ಮಾಡಿಸಿ, 1978ರಲ್ಲಿ ಅಮೆರಿಕಕ್ಕಿಂತ ಮೊದಲೇ ಇಟಲಿಯಲ್ಲಿ 'ಜೋಂಬಿ' ಅನ್ನುವ ಹೆಸರಲ್ಲಿ ಬಿಡುಗಡೆ ಮಾಡಿದರು. ಚಿತ್ರ ಚೆನ್ನಾಗಿ ಓಡಿತು. ವರ್ಷ ತುಂಬುವುದರೊಳಗೆ 'ಜೋಂಬಿ 2' ಥಿಯೇಟರಿಗೆ ಬಂತು. ಮೊದಲನೆಯದಕ್ಕೂ ಇದಕ್ಕೂ ಕಥೆಯಲ್ಲಿ ಏನೇನೂ ಸಂಬಂಧ ಇಲ್ಲ. ನಿರ್ಮಾಪಕರು ಬೇರೆ, ನಿರ್ದೇಶಕ ಬೇರೆ. ಹೆಸರಿನ ಮುಂದೆ ಒಂದು ಅಂಕಿ ಸೇರಿಸಿದರು, ಅಷ್ಟೇ.

ಇಟಲಿಯ ಚಿತ್ರರಂಗಕ್ಕೆ ಇದೇನೂ ಹೊಸ ಚಾಳಿಯಲ್ಲ. ಒಂದು ಥರದ ಸಿನಿಮಾ ಗೆದ್ದರೆ ಅದೇ ಜಾಡಿನಲ್ಲಿ ಹತ್ತಾರು ಸಿನಿಮಾ. ಮೊದಲು ಪುರಾಣದ ಪೈಲ್ವಾನರು, ಆಮೇಲೆ ಕೌಬಾಯ್‌ಗಳು, ಆಮೇಲೆ ಪೊಲೀಸ್ ಕಥೆಗಳು. ಜನ ಬೇಸತ್ತ ಕೂಡಲೇ ಮುಂದಿನ ಜಾಡು. ಆದರೆ ಕೆಲಸಗಾರರು ಅವರೇ. ಕ್ಯಾಮೆರಾದವರು, ಬಣ್ಣ ಹಚ್ಚುವವರು, ಸಾಹಸ ಮಾಡುವವರು, ಎಲ್ಲರೂ ಇಪ್ಪತ್ತು ವರ್ಷ ಇದನ್ನೇ ಮಾಡಿ ಕೈ ಪಳಗಿದವರು. 'ಜೋಂಬಿ 2' ಮಾಡಿದ ಲೂಚಿಯೊ ಫುಲ್ಚಿಗೆ ಆಗ 52 ವರ್ಷ. ಅದಕ್ಕೂ ಮೊದಲು ಅವರು ಹಾಸ್ಯ ಚಿತ್ರಗಳನ್ನು ಮಾಡಿದ್ದರು, ಕೌಬಾಯ್ ಚಿತ್ರಗಳನ್ನು ಮಾಡಿದ್ದರು. ಹಾಗಾಗಿ ಇವು ಕಾಸಿಲ್ಲದವರ ಸಿನಿಮಾಗಳೇ ಹೊರತು ಕಸುಬು ಗೊತ್ತಿಲ್ಲದವರ ಸಿನಿಮಾಗಳಲ್ಲ.

ಕಾಸು ಹೇಗೆ ಉಳಿಸುತ್ತಿದ್ದರು ಅನ್ನೋದಕ್ಕೆ ಒಂದು ಉದಾಹರಣೆ. ಇಟಲಿಯಲ್ಲಿ ಟೆಕ್ನಿಸ್ಕೋಪ್ ಅಂತ ಒಂದು ಪದ್ಧತಿ ಇತ್ತು. ಸಾಮಾನ್ಯವಾಗಿ ಫಿಲಂ ರೀಲಿನ ಅಂಚಿನ ನಾಲ್ಕು ತೂತುಗಳ ಎತ್ತರಕ್ಕೆ ಒಂದು ಚಿತ್ರ ಬೀಳುತ್ತದೆ. ಟೆಕ್ನಿಸ್ಕೋಪ್‌ನಲ್ಲಿ ಎರಡೇ ತೂತು. ಅಂದರೆ ಅರ್ಧ ಫಿಲಂ ಉಳಿತಾಯ, ಆದರೂ ಪರದೆ ತುಂಬ ಅಗಲವಾದ ಚಿತ್ರ. ಚಿತ್ರ ಸ್ವಲ್ಪ ಒರಟು, ಕಾಳುಕಾಳು. ಜೋಂಬಿಗೆ ಅದೇ ಚೆನ್ನ ಅಲ್ವಾ? 'ಜೋಂಬಿ 2'ರ ಛಾಯಾಗ್ರಾಹಕ ಸೆರ್ಜಿಯೊ ಸಾಲ್ವಾತಿ ಆ ಒರಟುತನದಲ್ಲೇ, ಕಥೆ ನಡೆಯುವ ದ್ವೀಪವನ್ನು ಎಷ್ಟು ಚಂದವಾಗಿ ತೋರಿಸಿದ್ದಾರೆ! ಬಿಸಿಲಲ್ಲಿ ಬಿಕೋ ಎನ್ನುವ ಬೀದಿ, ಗಾಳಿಗೆ ಹಾರುವ ಧೂಳು, ದೂರದಿಂದ ಕಾಲೆಳೆದುಕೊಂಡು ಬರುವ ಒಂಟಿ ಆಕೃತಿ. ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ತೆಗೆದದ್ದು. ಸೆಟ್ ಹಾಕೋದಕ್ಕಿಂತ ಹೋಗಿ ಬರೋದೇ ಅಗ್ಗ ಇದ್ದಿರಬೇಕು.

ಇನ್ನು ಜೋಂಬಿಗಳು. ಅಮೆರಿಕದ ಸಿನಿಮಾದಲ್ಲಿ ಅವುಗಳ ಮುಖಕ್ಕೆ ನೀಲಿ ಬೂದಿ ಬಣ್ಣ ಬಳಿದು ಬಿಟ್ಟಿದ್ದರು. ಇಟಲಿಯಲ್ಲಿ ಜನ್ನೆತ್ತೊ ದೆ ರೊಸ್ಸಿ ಅನ್ನುವ ಪ್ರಸಾಧನ ಕಲಾವಿದರು ಮಣ್ಣಿನಂಥದ್ದನ್ನು ಪದರ ಪದರವಾಗಿ ಮೆತ್ತಿದರು. ಒಣಗಿ ಬಿರುಕು ಬಿಡುವಂತೆ ಮಾಡಿದರು. ಕಣ್ಣಿನ ಗುಳಿಯಲ್ಲಿ ಹುಳು ಇಟ್ಟರು. ಇವು ಈಗ ತಾನೇ ಗುಂಡಿಯಿಂದ ಎದ್ದು ಬಂದಿವೆ, ಹತ್ತಿರ ಹೋದರೆ ನಾರುತ್ತವೆ ಅನಿಸುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತಾ ಬಂದಾಗ ಮುಂದೆ ಕೂತ ಮಕ್ಕಳಿಗೆ ಅದು ವೇಷ ಅಂತ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೂ ಅಮ್ಮನ ಸೆರಗು ಹಿಡಿಯುತ್ತಾರೆ. ಇಲ್ಲಿ ಆಗೋದೂ ಅದೇ. ಕೈಯಿಂದ ಮಾಡಿದ್ದು ಅಂತ ಕಣ್ಣಿಗೆ ಕಾಣುತ್ತದೆ, ಕಂಡರೂ ಮೈ ಜುಮ್ಮೆನ್ನುತ್ತದೆ.

ನನ್ನ ಪ್ರಕಾರ ಈ ಸಿನಿಮಾಗಳ ಸೆಳೆತ ಇರೋದೇ ಇಲ್ಲಿ. 'ಎಷ್ಟು ಕೆಟ್ಟದಾಗಿದೆ ನೋಡಿ, ನಗೋಣ ಬನ್ನಿ' ಅಂತ ಇವನ್ನು ಹಾಕಿಕೊಂಡು ಕೂರುವವರು ಜಾಸ್ತಿ. ನಗು ಬರುತ್ತದೆ, ಸುಳ್ಳಲ್ಲ. ಆದರೆ ನಗುವುದಕ್ಕೇ ಆಗಿದ್ದರೆ ಒಂದು ಸಲ ನೋಡಿ ಮರೆತುಬಿಡುತ್ತಿದ್ದೆವು. ಇವನ್ನು ಮರೆಯೋಕಾಗುವುದಿಲ್ಲ. ತೆರೆಯ ಮೇಲಿರುವ ಮಣ್ಣು ಮಣ್ಣೇ, ಹುಳು ಹುಳುವೇ, ಶಾರ್ಕ್ ಶಾರ್ಕೇ. ಕಥೆಯನ್ನು ಯಾರೂ ನಂಬುವುದಿಲ್ಲ. ವಸ್ತುಗಳನ್ನು ನಂಬದೆ ಇರೋಕಾಗುವುದಿಲ್ಲ.

ಒಂದು ದೃಶ್ಯ ಹೇಳುತ್ತೇನೆ. ಫುಲ್ಚಿಯವರದೇ 1980ರ ಚಿತ್ರ, ಇಂಗ್ಲಿಷಿನಲ್ಲಿ 'ಸಿಟಿ ಆಫ್ ದ ಲಿವಿಂಗ್ ಡೆಡ್'. ಒಬ್ಬ ಹೆಂಗಸು ಸತ್ತಳು ಅಂತ ತಿಳಿದು ಪೆಟ್ಟಿಗೆಯಲ್ಲಿಟ್ಟು ಗುಂಡಿಗಿಳಿಸುತ್ತಾರೆ. ಗುಂಡಿ ಮುಚ್ಚುವವರು ಅರ್ಧ ಮಣ್ಣು ಹಾಕುವಷ್ಟರಲ್ಲಿ ಡ್ಯೂಟಿ ಟೈಮ್ ಮುಗಿಯುತ್ತದೆ. 'ನಾಳೆ ನೋಡೋಣ' ಅಂತ ಹೊರಟುಬಿಡುತ್ತಾರೆ. ಒಳಗೆ ಆಕೆಗೆ ಎಚ್ಚರವಾಗುತ್ತದೆ. ಕಿರುಚುತ್ತಾಳೆ, ಉಗುರಿನಿಂದ ಬಟ್ಟೆ ಪರಚುತ್ತಾಳೆ. ಸ್ಮಶಾನದಲ್ಲಿ ಓಡಾಡುತ್ತಿದ್ದ ಪತ್ರಕರ್ತನಿಗೆ ಏನೋ ಕೇಳಿಸಿದ ಹಾಗಾಗುತ್ತದೆ. ನಿಲ್ಲುತ್ತಾನೆ. ಮತ್ತೆ ಹೊರಡುತ್ತಾನೆ. ಮತ್ತೆ ನಿಲ್ಲುತ್ತಾನೆ. ಕೊನೆಗೆ ಓಡಿ ಬಂದು, ಅಲ್ಲೇ ಬಿದ್ದಿದ್ದ ಪಿಕಾಸಿ ಎತ್ತಿ ಪೆಟ್ಟಿಗೆಯ ಮೇಲೆ ಬೀಸುತ್ತಾನೆ. ಪಿಕಾಸಿ! ಒಳಗೆ ಆಕೆಯ ಮುಖ ಇರುವ ಜಾಗಕ್ಕೆ! ಮೊನೆ ಹಲಗೆ ಸೀಳಿಕೊಂಡು ಒಳಗೆ ಬರುತ್ತದೆ, ಕಣ್ಣಿನ ಪಕ್ಕದಲ್ಲೇ. ಮತ್ತೊಂದು ಏಟು, ಇನ್ನೂ ಹತ್ತಿರ. ಆಕೆ ಬದುಕಿದ್ದಾಳೆ ಅನ್ನುವ ಸಮಾಧಾನವೂ, ಈ ಪುಣ್ಯಾತ್ಮನೇ ಕೊಂದುಬಿಡುತ್ತಾನೆ ಅನ್ನುವ ಗಾಬರಿಯೂ ಒಟ್ಟಿಗೇ ಬರುತ್ತವೆ. ಬುದ್ಧಿ ಇರುವವನು ಹೀಗೆ ಮಾಡುತ್ತಾನಾ? ಮಾಡುವುದಿಲ್ಲ. ಆದರೆ ಆ ಎರಡು ನಿಮಿಷ ನಮಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ. ಒಂದು ಪೆಟ್ಟಿಗೆ, ಒಂದು ಪಿಕಾಸಿ, ಒಬ್ಬ ನಟಿಯ ಮುಖ. ಖರ್ಚು ಎಷ್ಟಾಗಿರಬಹುದು, ನೀವೇ ಲೆಕ್ಕ ಹಾಕಿ.

ಬಾನುಲಿಯಲ್ಲಿ ಕೂತು ಧ್ವನಿಯ ಮಾತು ಬಿಟ್ಟರೆ ತಪ್ಪಾದೀತು. ಇಟಲಿಯಲ್ಲಿ ಆಗ ಶೂಟಿಂಗ್ ಮಾಡುವಾಗ ಧ್ವನಿ ದಾಖಲಿಸಿಕೊಳ್ಳುವ ರೂಢಿ ಇರಲಿಲ್ಲ. ಇಂಗ್ಲಿಷ್ ನಟ ಇಂಗ್ಲಿಷಿನಲ್ಲಿ ಮಾತಾಡಿದರೆ ಎದುರಿಗಿದ್ದವರು ಇಟಾಲಿಯನ್ನಿನಲ್ಲಿ ಉತ್ತರ ಕೊಟ್ಟರೂ ನಡೆಯುತ್ತಿತ್ತು. ಎಲ್ಲಕ್ಕೂ ಆಮೇಲೆ ಡಬ್ಬಿಂಗ್. ಹಾಗಾಗಿ ಈ ಸಿನಿಮಾಗಳಿಗೆ ಮೂಲ ಭಾಷೆ ಅನ್ನೋದೇ ಇಲ್ಲ. ಇಂಗ್ಲಿಷ್ ಹಾಕಿದರೂ ಡಬ್ಬಿಂಗ್, ಇಟಾಲಿಯನ್ ಹಾಕಿದರೂ ಡಬ್ಬಿಂಗ್. ಒಂದು ಸಿನಿಮಾದಲ್ಲಿ ಚಿಕ್ಕ ಹುಡುಗನಿಗೆ ದೊಡ್ಡವರೊಬ್ಬರು ಕೀರಲು ದನಿ ಕೊಟ್ಟಿದ್ದಾರೆ. ಜೋಂಬಿಗಿಂತ ಅದೇ ಭಯಂಕರ. ಆದರೆ ತುಟಿಗೂ ಮಾತಿಗೂ ಕೂದಲೆಳೆಯಷ್ಟು ಹೊಂದದೆ ಇದ್ದಾಗ ಒಂಥರಾ ಕನಸಿನ ಮಂಪರು ಹಿಡಿಯುತ್ತದೆ. ಮುಖ ಇಲ್ಲಿದೆ, ದನಿ ಬೇರೆಲ್ಲಿಂದಲೋ ಬರುತ್ತಿದೆ. ಬೇಕು ಅಂತ ಮಾಡಿದ್ದಲ್ಲ. ಆದರೂ ಕಥೆಗೆ ಸರಿಯಾಗಿ ಕೂತುಬಿಟ್ಟಿತು.

ಅದರ ಮೇಲೆ ಫಾಬಿಯೊ ಫ್ರಿಟ್ಸಿ ಅವರ ಸಂಗೀತ. ಸಿಂಥಸೈಜರ್‌ನಲ್ಲಿ ಒಂದೇ ಸಮ ಬೀಳುವ ನಿಧಾನದ ಪೆಟ್ಟು, ಅದರ ಮೇಲೆ ದುಃಖದ ಒಂದು ರಾಗ. ಹೆದರಿಸಬೇಕು ಅನ್ನುವ ಆತುರವೇ ಇಲ್ಲ. ಸತ್ತವರು ಬಂದೇ ಬರುತ್ತಾರೆ, ಅವಸರ ಯಾಕೆ ಅನ್ನುವ ಹಾಗೆ. 2013ರಲ್ಲಿ ಫ್ರಿಟ್ಸಿ ಲಂಡನ್ನಿನಲ್ಲಿ ಈ ಸಂಗೀತವನ್ನೇ ಕಛೇರಿ ಮಾಡಿ ನುಡಿಸಿದರು.

'ಜೋಂಬಿ 2' ಮುಗಿಯುವುದೂ ರೇಡಿಯೋ ದನಿಯಿಂದಲೇ. ದ್ವೀಪದಿಂದ ತಪ್ಪಿಸಿಕೊಂಡ ಇಬ್ಬರು ದೋಣಿಯಲ್ಲಿ ರೇಡಿಯೋ ಹಚ್ಚುತ್ತಾರೆ. ನ್ಯೂಯಾರ್ಕ್ ಜೋಂಬಿಗಳ ಪಾಲಾಯಿತು ಅಂತ ವಾರ್ತೆ. ಅವು ಸ್ಟುಡಿಯೋದ ಬಾಗಿಲಿಗೇ ಬಂದವು ಅಂತ ಹೇಳುತ್ತಾ ಹೇಳುತ್ತಾ ವಾಚಕ ಕಿರುಚುತ್ತಾನೆ. ಆಮೇಲೆ ಬ್ರೂಕ್ಲಿನ್ ಸೇತುವೆಯ ಮೇಲೆ ಸಾಲಾಗಿ ನಡೆದು ಬರುವ ಹೆಣಗಳು. ಅದ್ಭುತ ದೃಶ್ಯ. ಆದರೆ ಅದೇ ಸೇತುವೆಯ ಕೆಳಗಿನ ರಸ್ತೆಯಲ್ಲಿ ಕಾರುಗಳು ಏನೂ ಆಗೇ ಇಲ್ಲ ಅನ್ನುವಂತೆ ಓಡಾಡುತ್ತಿವೆ! ನ್ಯೂಯಾರ್ಕಿನ ಟ್ರಾಫಿಕ್ ನಿಲ್ಲಿಸೋಕೆ ಇವರ ಹತ್ತಿರ ದುಡ್ಡೆಲ್ಲಿತ್ತು?

ಇಂಥ ಎಡವಟ್ಟುಗಳೇ ಒಂದು ರುಚಿ. ಫುಲ್ಚಿಯವರ 1981ರ 'ದ ಬಿಯಾಂಡ್' ಚಿತ್ರದ ಕಥೆ ಅಮೆರಿಕದ ಲೂಸಿಯಾನದಲ್ಲಿ ನಡೆಯುತ್ತದೆ. ಅಲ್ಲಿನ ಆಸ್ಪತ್ರೆಯ ಬಾಗಿಲ ಮೇಲೆ 'ಡು ನಾಟ್ ಎಂಟ್ರಿ' ಅಂತ ಬೋರ್ಡು. ತಲೆಗೆ ಗುಂಡು ಬಿದ್ದರೆ ಮಾತ್ರ ಹೆಣ ಬೀಳುತ್ತದೆ ಅಂತ ಡಾಕ್ಟರ್ ನಾಯಕನಿಗೆ ಕಣ್ಣಾರೆ ಕಂಡು ಗೊತ್ತು. ಆದರೂ ಮತ್ತೆ ಮತ್ತೆ ಎದೆಗೇ ಹೊಡೆಯುತ್ತಾನೆ. ಲಿಫ್ಟಿನಲ್ಲಿ ಆ ಪಾತ್ರದ ನಟ ಡೇವಿಡ್ ವಾರ್‌ಬೆಕ್ ಪಿಸ್ತೂಲಿನ ನಳಿಕೆಯ ತುದಿಯಿಂದಲೇ ಗುಂಡು ತುಂಬುವ ಹಾಗೆ ತಮಾಷೆ ಮಾಡುತ್ತಾರೆ. ಪಕ್ಕದಲ್ಲಿದ್ದ ನಟಿ ಕ್ಯಾಟ್ರಿಯೋನಾ ಮೆಕಾಲ್ ನಗು ತಡೆದುಕೊಳ್ಳುವುದು ಕಾಣುತ್ತದೆ. ಅದನ್ನು ತೆಗೆದುಹಾಕದೆ ಹಾಗೇ ಬಿಟ್ಟಿದ್ದಾರೆ. ಅದೇ ಸಿನಿಮಾದಲ್ಲಿ ಸರೋವರದ ಮೇಲೆ ಹಾದು ಹೋಗುವ ಖಾಲಿ ಸೇತುವೆಯ ನಟ್ಟನಡುವೆ ಕುರುಡಿ ಹುಡುಗಿಯೊಬ್ಬಳು ತನ್ನ ನಾಯಿಯ ಜೊತೆ ನಿಂತಿರುತ್ತಾಳೆ. ಅಲ್ಲಿಗೆ ಹೇಗೆ ಬಂದಳು? ಯಾಕೆ ನಿಂತಳು? ಉತ್ತರ ಇಲ್ಲ. ಫುಲ್ಚಿಗೆ ಬೇಕಿದ್ದದ್ದೂ ಅದೇ. ಕಥೆ ಅಂತ ಏನೂ ಇಲ್ಲ, ಬರೀ ಚಿತ್ರಗಳ ಸಾಲು ಇದು ಅಂತ ಅವರೇ ಹೇಳಿಕೊಂಡಿದ್ದರು.

ಎಲ್ಲರೂ ಫುಲ್ಚಿ ಆಗೋಕಾಗುತ್ತಾ? ಉಂಬೆರ್ತೊ ಲೆಂಜಿ 1980ರಲ್ಲೇ ಓಡುವ ಜೋಂಬಿಗಳನ್ನು ತಂದರು. ವಿಮಾನದಿಂದ ಇಳಿದು ಚಾಕು, ಬಂದೂಕು ಹಿಡಿದು ನುಗ್ಗುತ್ತವೆ. ಇವು ಜೋಂಬಿಗಳಲ್ಲ, ವಿಕಿರಣ ತಗುಲಿದ ರೋಗಿಗಳು ಅಂತ ಲೆಂಜಿ ವಾದ ಮಾಡುತ್ತಿದ್ದರು. ಆಂದ್ರೆಯಾ ಬಿಯಾಂಕಿ ಅವರ ಚಿತ್ರದಲ್ಲಿ ಪುಟ್ಟ ಹುಡುಗನ ಪಾತ್ರವನ್ನು ಇಪ್ಪತ್ತು ದಾಟಿದ ಗಂಡಸಿನ ಕೈಲಿ ಮಾಡಿಸಿದ್ದಾರೆ. ಕೊನೆಯಲ್ಲಿ ತೆರೆಯ ಮೇಲೆ ಬರುವ ಭವಿಷ್ಯವಾಣಿಯ ಇಂಗ್ಲಿಷಿನಲ್ಲಿ ಎರಡು ಕಾಗುಣಿತದ ತಪ್ಪು. ಬ್ರೂನೋ ಮತ್ತೆಯಿ ವಿನ್ಸೆಂಟ್ ಡಾನ್ ಅಂತ ಹೆಸರಿಟ್ಟುಕೊಂಡು, ರೊಮೆರೊ ಸಿನಿಮಾಕ್ಕೆ ಗಾಬ್ಲಿನ್ ತಂಡ ಮಾಡಿದ್ದ ಸಂಗೀತವನ್ನೇ ತಮ್ಮ ಚಿತ್ರಕ್ಕೂ ಹಾಕಿಕೊಂಡರು.

ಮತ್ತೆಯಿ ವಿಷಯದಲ್ಲಿ ನನಗೆ ನಗು ಬರುವುದಿಲ್ಲ. ಸಂಗೀತಕ್ಕಾಗಿ ಅಲ್ಲ. ನ್ಯೂಗಿನಿಯ ಬುಡಕಟ್ಟು ಜನರ ಸಾಕ್ಷ್ಯಚಿತ್ರದ ತುಣುಕುಗಳನ್ನು ತಂದು, ಅವರ ಸಾವಿನ ಆಚರಣೆಗಳನ್ನು ಜೋಂಬಿಗಳ ನಡುವೆ ಅಂಟಿಸಿದರು. ಬಡತನಕ್ಕೂ ಒಂದು ಮಿತಿ ಇದೆ. ಹೆಂಗಸರ ಮೇಲಿನ ಹಿಂಸೆಯನ್ನು ಕ್ಯಾಮೆರಾ ಆಸೆಯಿಂದ ನೋಡುವುದೂ ಈ ಸಿನಿಮಾಗಳಲ್ಲಿ ಉದ್ದಕ್ಕೂ ಇದೆ. 'ಜೋಂಬಿ 2'ರಲ್ಲಿ ಒಡೆದ ಬಾಗಿಲ ಹಲಗೆಯ ಚೂಪಾದ ಸಿಬಿರಿನ ಕಡೆಗೆ ಒಬ್ಬ ಹೆಂಗಸಿನ ಕಣ್ಣನ್ನು ನಿಧಾನವಾಗಿ ಎಳೆದು ತರುವ ದೃಶ್ಯವನ್ನು ನಾನು ಇವತ್ತಿಗೂ ಪೂರ್ತಿ ನೋಡುವುದಿಲ್ಲ. ಕೆಲಸದ ದೃಷ್ಟಿಯಿಂದ ಬಹಳ ಚೆನ್ನಾಗಿ ತೆಗೆದಿದ್ದಾರೆ. ಅದಕ್ಕೇ ನೋಡೋಕಾಗುವುದಿಲ್ಲ.

ಬ್ರಿಟನ್ನಿನಲ್ಲಿ ಈ ದೃಶ್ಯಗಳು ದೊಡ್ಡ ರಗಳೆ ಮಾಡಿದವು. ವಿಡಿಯೋ ಕ್ಯಾಸೆಟ್ ಮನೆಮನೆಗೆ ಬಂದಿದ್ದ ಹೊಸದು. ಪತ್ರಿಕೆಗಳು ಕೂಗೆಬ್ಬಿಸಿದವು, ಪೊಲೀಸರು ಕ್ಯಾಸೆಟ್ ವಶಪಡಿಸಿಕೊಂಡರು. 1984ರಲ್ಲಿ ವಿಡಿಯೋಗೆಂದೇ ಒಂದು ಕಾನೂನು ಬಂತು. ಫುಲ್ಚಿಯ ಚಿತ್ರಗಳೂ ಕಪ್ಪುಪಟ್ಟಿಯಲ್ಲಿದ್ದವು. ನಿಷೇಧ ಅಂದ ಮೇಲೆ ಕೇಳಬೇಕೇ? ಹುಡುಗರು ಕದ್ದು ನಕಲು ಮಾಡಿಕೊಂಡು ನೋಡಿದರು. 'ಜೋಂಬಿ 2'ಕ್ಕೆ ಅಲ್ಲಿ ಒಂದೂ ಕತ್ತರಿ ಇಲ್ಲದೆ ಅನುಮತಿ ಸಿಕ್ಕಿದ್ದು 2005ರಲ್ಲಿ.

ಅಷ್ಟು ಹೊತ್ತಿಗೆ ಇಟಲಿಯ ಆ ಚಿತ್ರರಂಗವೇ ಮುಗಿದಿತ್ತು. ಅಲ್ಲಿ 1976ರ ನಂತರ ಖಾಸಗಿ ಟಿವಿಗಳು ಹುಟ್ಟಿಕೊಂಡವು, ಮನೆಯಲ್ಲೇ ದಿನವಿಡೀ ಸಿನಿಮಾ. ಥಿಯೇಟರುಗಳು ಒಂದೊಂದಾಗಿ ಮುಚ್ಚಿದವು. ಕೊನೆಯ ಒಳ್ಳೆಯ ಚಿತ್ರ ಅಂದರೆ 1994ರ 'ದೆಲ್ಲಮೋರ್ತೆ ದೆಲ್ಲಮೋರೆ', ಮಿಕೆಲೆ ಸೊಆವಿ ಅವರದು. ಅದರಲ್ಲಿ ಸ್ಮಶಾನದ ಕಾವಲುಗಾರನೊಬ್ಬ ಇದ್ದಾನೆ. ಹೂಳಿದ ಹೆಣಗಳು ಏಳು ದಿನದೊಳಗೆ ಎದ್ದು ಬರುತ್ತವೆ, ಇವನು ಗುಂಡು ಹೊಡೆದು ಮತ್ತೆ ಮಲಗಿಸುತ್ತಾನೆ. ಮೇಲಿನವರಿಗೆ ಯಾಕೆ ತಿಳಿಸುವುದಿಲ್ಲ ಅಂದರೆ, ಅಷ್ಟೊಂದು ಫಾರಂ ತುಂಬೋದಕ್ಕಿಂತ ಗುಂಡು ಹೊಡೆಯೋದೇ ಸಲೀಸು ಅನ್ನುವುದು ಅವನ ಲೆಕ್ಕ.

ಈ ಜಾತಿಯ ಸಿನಿಮಾ ನೋಡಿಯೇ ಇಲ್ಲದವರು ಆ ಕಾವಲುಗಾರನಿಂದಲೇ ಶುರು ಮಾಡಬಹುದು. ಅದು ಹಿಡಿಸಿದರೆ 'ಜೋಂಬಿ 2', ಅದಾದ ಮೇಲೆ 'ದ ಬಿಯಾಂಡ್'. ಈಗ ಚೊಕ್ಕ ಮಾಡಿದ ಪ್ರತಿಗಳು ಸಿಗುತ್ತವೆ. ಮೊಬೈಲಿನಲ್ಲಿ ಬೇಡ, ಅಗಲವಾದ ಪರದೆಯಲ್ಲೇ ನೋಡಿ. ಮಕ್ಕಳನ್ನು ಮಲಗಿಸಿ. ಊಟ ಮೊದಲೇ ಮುಗಿಸಿಬಿಡಿ. ಕಥೆ ಅರ್ಥವಾಗಲಿಲ್ಲ ಅಂತ ಮಾತ್ರ ಹಿಂದಕ್ಕೆ ಓಡಿಸಿ ನೋಡಬೇಡಿ, ಹಿಂದೆಯೂ ಇರಲಿಲ್ಲ.

ನಮಸ್ಕಾರ.