ಗಾಜು ತೊಳೆಯುವ ಮೆಷಿನ್: ಫಿಲ್ಟರ್ ಬ್ಯಾಗ್ ಬದಲಿಸಿದರೂ ಕಲೆ ಏಕೆ ಹೋಗುವುದಿಲ್ಲ?

[ದೃಶ್ಯ: ವಾಷಿಂಗ್ ಮೆಷಿನ್‌ನ ಏರ್ ನೈಫ್ ದಾಟಿ ಹೊರಬರುವ ಗಾಜು. ಅದರ ಮೇಲೆ ಓರೆಯಾಗಿ ಬೀಳುವ ಟಾರ್ಚ್ ಬೆಳಕು.]

ಈ ಗಾಜು ಈಗಷ್ಟೇ ತೊಳೆದು, ಒಣಗಿ ಹೊರಗೆ ಬಂದಿದೆ. ನೇರವಾಗಿ ನಿಂತು ನೋಡಿದರೆ ಫಳಫಳ ಹೊಳೆಯುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸಾಸಿವೆ ಕಾಳಿನಷ್ಟು ಸಣ್ಣ ಉಂಗುರಗಳು ಕಾಣುತ್ತಿವೆಯಲ್ಲ? ಅಂಚು ಬೆಳ್ಳಗಿದೆ, ನಡುವೆ ಏನೂ ಇಲ್ಲ. ಒಂದು ಹನಿ ನಿಂತಲ್ಲೇ ಒಣಗಿದ ಗುರುತು ಅದು.

ಇಂಥ ಕಲೆ ಕಂಡ ಕೂಡಲೇ ಮೊದಲು ಕೈ ಹೋಗುವುದು ಮೆಷಿನ್‌ನ ನೀರು ಸೋಸುವ ಫಿಲ್ಟರ್ ಬ್ಯಾಗಿಗೆ. 25 ಮೈಕ್ರಾನ್ ತೆಗೆದು ಇನ್ನೂ ಸಣ್ಣ ಕಣ ಹಿಡಿಯುವ 5 ಮೈಕ್ರಾನ್ ಹಾಕುತ್ತಾರೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಕಲೆ ಮಾತ್ರ ಹಾಗೇ ಉಳಿಯುತ್ತದೆ. ಆ ಬಿಳಿ ಉಂಗುರ ನೀರಿನಲ್ಲಿ ಕರಗಿದ್ದ ಉಪ್ಪು. ಕರಗಿದ್ದನ್ನು ಯಾವ ಬ್ಯಾಗೂ ಹಿಡಿಯುವುದಿಲ್ಲ. ಪಾನಕವನ್ನು ಬಟ್ಟೆಯಲ್ಲಿ ಸೋಸಿದರೆ ಬೆಲ್ಲದ ಕಸ ನಿಲ್ಲುತ್ತದೆ, ಸಿಹಿ ನಿಲ್ಲುವುದಿಲ್ಲ.

ತೇಲುವ ಕೊಳೆಗೆ ಬೇರೆ ದಾರಿ, ಕರಗಿದ ಉಪ್ಪಿಗೆ ಬೇರೆ ದಾರಿ. ಇವತ್ತು ಎರಡನ್ನೂ ನೋಡೋಣ. ಗಾಜನ್ನು ಕಾಯಿಸಿ ಗಟ್ಟಿ ಮಾಡುವ (ಟಫನ್), ಹಾಳೆಗಳನ್ನು ಅಂಟಿಸಿ ಲ್ಯಾಮಿನೇಟ್ ಮಾಡುವ, ಡಿಜಿಯು ಅಂದರೆ ನಡುವೆ ಜಾಗ ಬಿಟ್ಟ ಜೋಡಿ ಗಾಜು ಕಟ್ಟುವ ಫ್ಯಾಕ್ಟರಿಗಳಲ್ಲಿ ಚಪ್ಪಟೆ ಗಾಜು ತೊಳೆಯುವ ಮೆಷಿನ್ ಇರುತ್ತದಲ್ಲ, ಮಾತು ಅದರ ಬಗ್ಗೆ.

[ದೃಶ್ಯ: ಮೆಷಿನ್‌ನ ಅಡ್ಡಕೊಯ್ತದ ಚಿತ್ರ. ಗಾಜು ಎಡದಿಂದ ಬಲಕ್ಕೆ, ನೀರು ಬಲದಿಂದ ಎಡಕ್ಕೆ.]

ಗಾಜು ಮೊದಲು ಪ್ರೀ ವಾಷ್ ಸ್ಪ್ರೇ ಕೆಳಗೆ ಹೋಗುತ್ತದೆ, ಆಮೇಲೆ ಬ್ರಷ್ ಉಜ್ಜುವ ವಾಷ್, ನಂತರ ರಿನ್ಸ್, ಕೊನೆಗೆ ಡಿಐ ನೀರಿನ, ಅಂದರೆ ಕರಗಿದ ಉಪ್ಪು ತೆಗೆದ ನೀರಿನ ಫೈನಲ್ ರಿನ್ಸ್, ಅದಾದ ಮೇಲೆ ಸಣ್ಣ ಸೀಳಿನಿಂದ ಜೋರಾಗಿ ಗಾಳಿ ಊದಿ ನೀರು ತೆಗೆಯುವ ಏರ್ ನೈಫ್. ಪ್ರೀ ವಾಷ್, ವಾಷ್, ರಿನ್ಸ್ ಮೂರಕ್ಕೂ ಒಂದೊಂದು ಟ್ಯಾಂಕ್, ಒಂದೊಂದು ಪಂಪ್.

ಮೊದಲು ತೇಲುವ ಕೊಳೆ. ಎಡ್ಜ್ ಗ್ರೈಂಡಿಂಗ್‌ನಿಂದ ಬಂದ ಗಾಜಿನ ಪುಡಿ, ಕಟಿಂಗ್ ಎಣ್ಣೆ, ಹಾಳೆಗಳ ನಡುವೆ ಉದುರಿಸಿದ ಇಂಟರ್‌ಲೀವಿಂಗ್ ಪೌಡರ್, ಇಷ್ಟೂ ವಾಷ್ ಟ್ಯಾಂಕಿಗೆ ಬಂದು ಬೀಳುತ್ತದೆ. ಹೆಚ್ಚು ಹಾನಿ ಮಾಡುವುದು ಗಾಜಿನ ಪುಡಿ. ನೀರಿನ ಜೊತೆ ಮತ್ತೆ ಸ್ಪ್ರೇಗೆ ಹೋಗಿ, ಬ್ರಷ್ಷಿನ ಎಳೆಗಳಲ್ಲಿ ಸಿಕ್ಕಿಕೊಂಡು, ಬರುವ ಪ್ರತಿ ಹಾಳೆಯನ್ನೂ ಗೀರುತ್ತದೆ.

'ಟ್ಯಾಂಕಿನ ತಳದಲ್ಲಿ ತಾನೇ ಕೂರುತ್ತದೆ ಬಿಡಿ' ಅನ್ನುವವರಿಗೆ ಒಂದು ಲೆಕ್ಕ. 50 ಮೈಕ್ರಾನ್‌ನ ಗಾಜಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. 30 ಸೆಂಟಿಮೀಟರ್ ಆಳ ಇಳಿಯಲು ಎರಡೂವರೆ ನಿಮಿಷ. 10 ಮೈಕ್ರಾನ್ ಕಣಕ್ಕೆ ಅದೇ ಆಳಕ್ಕೆ ಒಂದು ಗಂಟೆ, 5 ಮೈಕ್ರಾನ್‌ಗೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಕಣದ ಗಾತ್ರ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ. ಈಗ ಪಂಪ್ ಕಡೆ ನೋಡಿ. 300 ಲೀಟರ್ ಟ್ಯಾಂಕ್, ನಿಮಿಷಕ್ಕೆ 150 ಲೀಟರ್ ಎಳೆಯುವ ಪಂಪ್ ಅಂದುಕೊಳ್ಳಿ. ಎರಡು ನಿಮಿಷಕ್ಕೊಮ್ಮೆ ಟ್ಯಾಂಕಿನಷ್ಟು ನೀರು ಪೂರ್ತಿ ತಿರುಗುತ್ತದೆ. ದಪ್ಪ ಕಣಕ್ಕೇ ಕೂರಲು ಸಮಯ ಸಾಲದು, ಸಣ್ಣದಕ್ಕೆ ಎಲ್ಲಿಂದ ಬರಬೇಕು? ಅದಕ್ಕೇ ಟ್ಯಾಂಕಿನೊಳಗೆ ಅಡ್ಡಗೋಡೆ ಇಟ್ಟು ಎರಡು ಮೂರು ಕೋಣೆ ಮಾಡಿರುತ್ತಾರೆ. ದಪ್ಪ ಪುಡಿ ಮೊದಲ ಕೋಣೆಯಲ್ಲಿ ಕೂರಲಿ, ಉಳಿದದ್ದು ಬ್ಯಾಗಿಗೆ ಹೋಗಲಿ ಅಂತ.

[ದೃಶ್ಯ: ಬ್ಯಾಗ್ ಫಿಲ್ಟರ್ ಹೌಸಿಂಗ್ ಬಿಚ್ಚಿ, ಒಳಗಿನ ಬುಟ್ಟಿ, ಬ್ಯಾಗ್, ಅದರ ಕಾಲರ್ ಹತ್ತಿರದಿಂದ ತೋರಿಸಿ.]

ವಾಷ್ ಟ್ಯಾಂಕಿಗೆ ಮೊದಲು ಸ್ಟೀಲ್ ಜಾಲರಿ ಬುಟ್ಟಿ, ಆಮೇಲೆ 50 ಅಥವಾ 25 ಮೈಕ್ರಾನ್ ಬ್ಯಾಗ್. ರಿನ್ಸ್ ಟ್ಯಾಂಕಿಗೆ 10 ಅಥವಾ 5. ಮೊದಲ ಟ್ಯಾಂಕಿಗೇ 5 ಮೈಕ್ರಾನ್ ಹಾಕಿದರೆ ಕೆಲವೇ ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಸ್ಪ್ರೇ ಸೊರಗುತ್ತದೆ, ಬ್ರಷ್ ಅರೆಬರೆ ಒಣಗಿದ ಗಾಜನ್ನು ಉಜ್ಜುತ್ತದೆ. ಇನ್ನೊಂದು ವಿಷಯ, ಬ್ಯಾಗ್ ಇರಬೇಕಾದ್ದು ಪಂಪ್ ನೀರು ತಳ್ಳುವ ಕಡೆ. ಎಳೆಯುವ ಕಡೆ ಇಟ್ಟರೆ ಬ್ಯಾಗ್ ಕಟ್ಟಿದಂತೆಲ್ಲ ಪಂಪಿಗೆ ನೀರು ಸಾಲದೆ ಒಳಗೆ ಗುಳ್ಳೆ ಎದ್ದು ಇಂಪೆಲ್ಲರ್ (ಪಂಪಿನ ಒಳಗೆ ತಿರುಗುವ ಚಕ್ರ) ಸವೆಯುತ್ತದೆ.

ಬ್ಯಾಗಿನ ಮೇಲೆ ಬರೆದ ಮೈಕ್ರಾನ್ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಮಾಮೂಲಿ ಫೆಲ್ಟ್ ಬ್ಯಾಗಿನದು ನಾಮಿನಲ್ ರೇಟಿಂಗ್. 10 ಮೈಕ್ರಾನ್ ಅಂದರೆ ಆ ಗಾತ್ರದ ಕಣಗಳಲ್ಲಿ ಒಂದಷ್ಟನ್ನು ಹಿಡಿಯುತ್ತದೆ ಅಂತ, ಒಂದನ್ನೂ ಬಿಡುವುದಿಲ್ಲ ಅಂತಲ್ಲ. ಆ ಖಾತರಿ ಬೇಕಾದ ಕಡೆ ಆಬ್ಸಲ್ಯೂಟ್ ರೇಟಿಂಗ್ ಇರುವ ಕಾರ್ಟ್ರಿಡ್ಜ್ ಹಾಕಬೇಕು.

ಬದಲಿಸುವುದು ಯಾವಾಗ? ಕ್ಯಾಲೆಂಡರ್ ಅಲ್ಲ, ಗೇಜ್ ನೋಡಿ. ಬ್ಯಾಗ್ ಕೂರುವ ಹೌಸಿಂಗ್‌ನ ಹಿಂದೊಂದು, ಮುಂದೊಂದು ಪ್ರೆಷರ್ ಗೇಜ್ ಇರಲಿ. ಹೊಸ ಬ್ಯಾಗಿಗೆ ಎರಡರ ವ್ಯತ್ಯಾಸ 0.1 ಬಾರ್ ಆಸುಪಾಸು ಇರುತ್ತದೆ. 0.8ರಿಂದ 1 ಬಾರ್ ತಲುಪಿದರೆ ಬದಲಿಸಿ. ವಾರಗಟ್ಟಲೆ ಗೇಜ್ ಏರಲೇ ಇಲ್ಲ ಅಂದರೆ ಖುಷಿಪಡುವ ಹಾಗಿಲ್ಲ, ಹೌಸಿಂಗ್ ಬಿಚ್ಚಿ ನೋಡಿ. ಒಂದೋ ಬ್ಯಾಗ್ ಹರಿದಿರುತ್ತದೆ, ಇಲ್ಲವೇ ಬ್ಯಾಗಿನ ಬಾಯಿಯ ಕಾಲರ್ ಸರಿಯಾಗಿ ಕೂರದೆ ನೀರು ಪಕ್ಕದಿಂದ ನುಸುಳುತ್ತಿರುತ್ತದೆ. ಸೋಸದ ನೀರೇ ಗಾಜಿಗೆ ಹೋಗುತ್ತಿರುತ್ತದೆ.

[ದೃಶ್ಯ: ಎರಡು ಗಾಜಿನ ತುಂಡು. ಒಂದರ ಮೇಲೆ ಒಂದು ಹನಿ ಬೋರ್‌ವೆಲ್ ನೀರು, ಇನ್ನೊಂದರ ಮೇಲೆ ಒಂದು ಹನಿ ಡಿಐ ನೀರು. ಹೇರ್ ಡ್ರೈಯರ್‌ನಿಂದ ಒಣಗಿಸಿ.]

ಈಗ ಕರಗಿದ ಉಪ್ಪು. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್, ಅಂದರೆ ಕರಗಿದ ಒಟ್ಟು ಉಪ್ಪು ಇರಬಹುದು. ಆ ನೀರಿನ ಒಂದು ಹನಿ, ಅಂದರೆ 0.05 ಮಿಲಿಲೀಟರ್, ಒಣಗಿದರೆ ಗಾಜಿನ ಮೇಲೆ 25 ಮೈಕ್ರೋಗ್ರಾಂ ಉಪ್ಪು ಉಳಿಯುತ್ತದೆ. ಟಿಡಿಎಸ್ 10 ಇದ್ದರೆ ಅರ್ಧ ಮೈಕ್ರೋಗ್ರಾಂ. ಕುಡಿಯಲು ಯೋಗ್ಯವಾದ ನೀರು ಗಾಜಿಗೆ ಯೋಗ್ಯವಲ್ಲ. ಇನ್ನು ಪೀಣ್ಯದಂಥ ಕಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವವರು ಪ್ರತಿ ಲೋಡಿಗೂ ಟಿಡಿಎಸ್ ಮೀಟರ್ ಅದ್ದಿ ನೋಡಲೇಬೇಕು. ಇವತ್ತಿನ ಟ್ಯಾಂಕರಿನ ನೀರೇ ನಾಳೆಯೂ ಬರುತ್ತದೆ ಅನ್ನುವ ಭರವಸೆ ಇಲ್ಲ.

ಸಾಫ್ಟ್‌ನರ್ ಹಾಕಿದ್ದೇವಲ್ಲ ಅನ್ನಬಹುದು. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ. ಹೀಟರ್ ಮೇಲೆ ಗಡಸು ಪದರ ಕಟ್ಟುವುದು ನಿಲ್ಲುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಒಟ್ಟು ಉಪ್ಪು ಕಡಿಮೆಯಾಗುವುದಿಲ್ಲ, ಕಲೆಯೂ ಹೋಗುವುದಿಲ್ಲ. ಉಪ್ಪು ತೆಗೆಯಲು ನೀರನ್ನು ಒತ್ತಡದಿಂದ ಮೆಂಬ್ರೇನ್ ಮೂಲಕ ತಳ್ಳುವ ಆರ್‌ಒ ಬೇಕು. 600 ಟಿಡಿಎಸ್ ನೀರಿನಲ್ಲಿ ಶೇ. 96ರಷ್ಟು ಉಪ್ಪು ತೆಗೆದರೂ 24 ಉಳಿಯುತ್ತದೆ, ಅಂದರೆ ನೀರಿನ ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ, ಉಪ್ಪು ಹೆಚ್ಚಿದಷ್ಟೂ ಏರುತ್ತದೆ) ಸೆಂಟಿಮೀಟರಿಗೆ ಸುಮಾರು 40 ಮೈಕ್ರೋಸೀಮೆನ್ಸ್. ಫೈನಲ್ ರಿನ್ಸ್‌ಗೆ ಸಾಮಾನ್ಯವಾಗಿ 20ಕ್ಕಿಂತ ಕೆಳಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಆರ್‌ಒ ನಂತರ ಮಿಕ್ಸೆಡ್ ಬೆಡ್ ಡಿಐ, ಅಂದರೆ ಉಳಿದ ಉಪ್ಪನ್ನು ಹಿಡಿಯುವ ರೆಸಿನ್ ಮಣಿಗಳು ತುಂಬಿದ ಪಾತ್ರೆ. ಆರ್‌ಒಗೆ ಮುಂಚೆ ಕಾರ್ಬನ್ ಫಿಲ್ಟರ್ ಇರಲಿ, ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತದೆ. ಡಿಐ ಬೆಡ್ ನಂತರ ಒಂದು 5 ಮೈಕ್ರಾನ್ ಕಾರ್ಟ್ರಿಡ್ಜ್ ಇರಲಿ, ರೆಸಿನ್ ಮಣಿ ತಪ್ಪಿಸಿಕೊಂಡು ಬಂದರೆ ನಾಜಲ್‌ಗೆ ಹೋಗದಂತೆ ತಡೆಯುತ್ತದೆ. ಡಿಐ ಲೈನಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬೇಡ. ಉಪ್ಪಿಲ್ಲದ ನೀರು ಆ ಲೋಹವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಹಾಕಿ.

ಇಷ್ಟೆಲ್ಲ ಕಷ್ಟಪಡುವುದು ಹೊಳಪಿಗಾಗಿ ಮಾತ್ರವಲ್ಲ. ಗಡಸು ನೀರಿನ ಉಪ್ಪು ಉಳಿದ ಗಾಜಿಗೆ ಪಿವಿಬಿ (ಲ್ಯಾಮಿನೇಟ್ ಗಾಜಿನ ನಡುವಿನ ಪ್ಲಾಸ್ಟಿಕ್ ಪದರ) ಸರಿಯಾಗಿ ಅಂಟುವುದಿಲ್ಲ. ಡಿಜಿಯು ಅಂಚಿನಲ್ಲಿ ತೇವ ತಡೆಯುವ ಬ್ಯುಟೈಲ್ ಅಂಟು ಕೂರುವ ಜಾಗ ಶುಚಿಯಾಗಿಲ್ಲದಿದ್ದರೆ ಮುಂದೆ ಒಳಗೆ ತೇವ ಸೇರುತ್ತದೆ. ಶಾಖ ತಡೆಯುವ ಲೇಪನವಿರುವ ಸಾಫ್ಟ್ ಕೋಟ್ ಲೋ-ಇ ಗಾಜಿನ ಬೆಳ್ಳಿಯ ಪದರವನ್ನು ನೀರಿನ ಉಪ್ಪಿನಲ್ಲಿರುವ ಕ್ಲೋರೈಡ್ ಕೊರೆಯುತ್ತದೆ. ಆ ಗಾಜಿಗೆ ತಯಾರಕರು ಕೊಟ್ಟ ಪಿಎಚ್, ಕಂಡಕ್ಟಿವಿಟಿ ಮಿತಿಯನ್ನು ಮೀರಲೇಬೇಡಿ.

[ದೃಶ್ಯ: ವಾಷ್ ಟ್ಯಾಂಕಿನ ಫ್ಲೋಟ್ ವಾಲ್ವ್. ಅದಕ್ಕೆ ಜೋಡಿಸಿದ ನಲ್ಲಿ ಪೈಪ್ ಮೇಲೆ ಕೆಂಪು ಗುರುತು.]

ಡಿಐ ಸರಿಯಿದ್ದೂ ಕಲೆ ಬರುತ್ತಿದ್ದರೆ, ಟ್ಯಾಂಕ್ ಮಟ್ಟ ಇಳಿದಾಗ ತಾನೇ ನೀರು ಬಿಡುವ ಈ ಫ್ಲೋಟ್ ವಾಲ್ವ್ ನೋಡಿ. ಹೊಸ ನೀರು ಮೆಷಿನ್‌ಗೆ ಬರಬೇಕಾದ ಜಾಗ ಒಂದೇ, ಫೈನಲ್ ರಿನ್ಸ್. ಅಲ್ಲಿಂದ ಬಿದ್ದ ನೀರು ರಿನ್ಸ್ ಟ್ಯಾಂಕಿಗೆ, ಅದು ಉಕ್ಕಿ ವಾಷ್ ಟ್ಯಾಂಕಿಗೆ, ಅದು ಉಕ್ಕಿ ಪ್ರೀ ವಾಷ್‌ಗೆ, ಕೊನೆಗೆ ಡ್ರೈನಿಗೆ. ಗಾಜಿನ ಎದುರು ದಿಕ್ಕಿನಲ್ಲಿ ಹೀಗೆ ಹರಿದರೆ ಒಂದೇ ನೀರು ನಾಲ್ಕು ಕೆಲಸ ಮಾಡುತ್ತದೆ. ಟ್ಯಾಂಕ್ ಮಟ್ಟ ಇಳಿಯಿತು ಅಂತ ನಡುವೆ ನಲ್ಲಿ ನೀರು ಜೋಡಿಸಿದರೆ ಉಪ್ಪು ಮತ್ತೆ ಒಳಗೆ ಬಂತು. ಮೇಲಾಗಿ 45 ಡಿಗ್ರಿಗೆ ಕಾಯಿಸಿದ ಟ್ಯಾಂಕಿನಿಂದ ಬರೀ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಗಟ್ಟಿಯಾಗುತ್ತ ಹೋಗುತ್ತದೆ.

ನಿಮಿಷಕ್ಕೆ 5 ಲೀಟರ್ ಡಿಐ ಬಿಟ್ಟರೆ 8 ಗಂಟೆಯ ಶಿಫ್ಟಿಗೆ 2400 ಲೀಟರ್. ಆರ್‌ಒ ಅರ್ಧದಷ್ಟು ಮಾತ್ರ ಕೊಡುತ್ತದೆ ಅಂದರೂ 4800 ಲೀಟರ್ ಕಚ್ಚಾ ನೀರು ಬೇಕು. ಗಾಜು ಇಲ್ಲದಾಗ ಸೆನ್ಸರ್ ಮೂಲಕ ಆ ಸ್ಪ್ರೇ ನಿಲ್ಲುವಂತೆ ಮಾಡಿ. ಆರ್‌ಒ ರಿಜೆಕ್ಟ್ ನೀರನ್ನು ಶೌಚಾಲಯಕ್ಕೆ ತಿರುಗಿಸಿ, ಚರಂಡಿಗೆ ಬಿಡಬೇಡಿ.

[ದೃಶ್ಯ: ಒಂದೊಂದು ಬಗೆಯ ಕಲೆಯ ಗಾಜು, ಪಕ್ಕದಲ್ಲಿ ಸ್ಕೇಲ್.]

ಕಲೆಯನ್ನು ನೋಡಿಯೇ ಕಾರಣ ಹಿಡಿಯಬಹುದು. ಗಾಜು ಓಡುವ ದಿಕ್ಕಿನಲ್ಲಿ ಒಂದೇ ಉದ್ದನೆಯ ಪಟ್ಟಿ ಇದ್ದರೆ ನಾಜಲ್ ಅಥವಾ ಏರ್ ನೈಫಿನ ಸೀಳು ಕಟ್ಟಿದೆ. ಬಿಳಿ ಉಂಗುರ ಎಲ್ಲ ಕಡೆ ಇದ್ದರೆ ಉಪ್ಪು. ಕೋಟಿಂಗ್ ಇಲ್ಲದ ಗಾಜಾದರೆ ಒಂದು ಹನಿ ವಿನೆಗರ್ ಬಿಡಿ, ಕರಗಿದರೆ ಅದು ಗಡಸು ನೀರಿನ ಸುಣ್ಣ. ಇನ್ನು ಗೀರು. ಒಂದೇ ಸಾಲಿನಲ್ಲಿ ಸಮಾನ ಅಂತರದಲ್ಲಿ ಮರುಕಳಿಸುತ್ತಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. 251 ಮಿಲಿಮೀಟರ್ ಬಂತು ಅಂದುಕೊಳ್ಳಿ. 80 ಮಿಲಿಮೀಟರ್ ವ್ಯಾಸದ ರೋಲರಿನ ಸುತ್ತಳತೆ ಅಷ್ಟೇ. ಆ ಅಳತೆಯ ರಬ್ಬರ್ ರೋಲರುಗಳಲ್ಲಿ ಒಂದರೊಳಗೆ ಗಾಜಿನ ಚೂರು ಚುಚ್ಚಿಕೊಂಡಿದೆ. ಮೆಷಿನ್‌ನ ಪವರ್ ಲಾಕ್ ಮಾಡಿ, ದಪ್ಪ ಗ್ಲೌಸ್ ಹಾಕಿಕೊಂಡು, ಗೀರಿನ ಸಾಲಿಗೆ ನೇರವಾಗಿ ಒಂದೊಂದೇ ರೋಲರನ್ನು ಟಾರ್ಚ್ ಹಿಡಿದು ತಿರುಗಿಸಿ ನೋಡಿ.

ಬೆಚ್ಚಗಿನ ನೀರಿನಲ್ಲಿ ಲೋಳೆ ಬೇಗ ಬೆಳೆಯುತ್ತದೆ. ಟ್ಯಾಂಕಿನ ಗೋಡೆ ಜಾರಿದರೆ, ವಾಸನೆ ಬಂದರೆ ತಡಮಾಡಬೇಡಿ. ವಾರದ ಕೊನೆಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಳದ ಕೆಸರು ಎತ್ತಿ, ಗೋಡೆ ಉಜ್ಜಿ, ಬ್ಯಾಗ್ ಹೊರತೆಗೆದು, ಮುಚ್ಚಳ ತೆರೆದಿಟ್ಟು ಹೋಗಿ.

ಸೋಮವಾರ ಬೆಳಗ್ಗೆ ಮೊದಲ ನೀರನ್ನು ಗಾಜಿಗೆ ಬಿಡಬೇಡಿ. ನಿಂತಿದ್ದ ಆರ್‌ಒದಲ್ಲಿ ಉಪ್ಪು ಮೆಂಬ್ರೇನ್ ದಾಟಿ ಶುದ್ಧ ನೀರಿನ ಕಡೆಗೆ ಸೇರಿರುತ್ತದೆ. ಕಂಡಕ್ಟಿವಿಟಿ ಮೀಟರ್ 20ಕ್ಕಿಂತ ಕೆಳಗೆ ಇಳಿಯುವವರೆಗೆ ಡ್ರೈನಿಗೆ ಬಿಡಿ, ಆಮೇಲೆ ಒಂದು ವೇಸ್ಟ್ ಗಾಜು ಓಡಿಸಿ ಟಾರ್ಚ್ ಹಿಡಿದು ನೋಡಿ.