ಹಳೇ ಹಾಡು ಕೇಳೋರು ಇಲ್ವಂತೆ!

ನಮಸ್ಕಾರ. ಇವತ್ತು ಅಮೆರಿಕದ ಹಳೇ ಕಂಟ್ರಿ ಸಂಗೀತದ, ಅಂದ್ರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದ ಪರವಾಗಿ ಸ್ವಲ್ಪ ಜಗಳ ಆಡೋಣ ಅಂತ ಕೂತಿದೀನಿ.

ಅಲ್ಲಿನ ರೇಡಿಯೊದವರ ಹತ್ರ ಒಂದು ಸಿದ್ಧ ಉತ್ತರ ಇದೆ: "ಹಳೇ ಹಾಡು ಯಾರು ಕೇಳ್ತಾರೆ?" ಕೇಳೋರು ಇದಾರೆ ಸ್ವಾಮಿ. ಅವರ ವಯಸ್ಸು ಜಾಹೀರಾತುದಾರರಿಗೆ ಬೇಡ, ಅಷ್ಟೇ. ಅಲ್ಲಿ ಜಾಹೀರಾತಿನ ದುಡ್ಡು ಹೆಚ್ಚಾಗಿ ಹರಿಯೋದು 25ರಿಂದ 54 ವಯಸ್ಸಿನವರ ಕಡೆಗೆ. 55 ತುಂಬಿತೋ, ನೀವು ದಿನವಿಡೀ ರೇಡಿಯೊ ಹಾಕ್ಕೊಂಡು ಕೂತ್ರೂ ಲೆಕ್ಕಕ್ಕಿಲ್ಲ.

ಹಾಗಂತ ಹಿಂದಿನೋರು ಕಲಾಸೇವೆ ಮಾಡ್ತಿದ್ರು ಅಂತ ನಾನು ಹೇಳಲ್ಲ. ನ್ಯಾಶ್‌ವಿಲ್‌ನ ಡಬ್ಲ್ಯೂಎಸ್ಎಂ ಸ್ಟೇಷನ್ ಶುರು ಮಾಡಿದ್ದು 1925ರಲ್ಲಿ ಒಂದು ವಿಮಾ ಕಂಪನಿ. ಶನಿವಾರ ರಾತ್ರಿ ಪಿಟೀಲು, ಬ್ಯಾಂಜೊ ಕೇಳಿಸಿದ್ರೆ ಸೋಮವಾರ ಬಾಗಿಲು ತಟ್ಟೋ ಏಜೆಂಟಿಗೆ ಮಾತು ಶುರು ಮಾಡೋಕೆ ಒಂದು ನೆಪ. ಶುದ್ಧ ವ್ಯಾಪಾರ. ಆದ್ರೆ ಪಾಲಿಸಿ ಮಾರೋನಿಗೆ ಅಜ್ಜಿನೂ ಬೇಕು, ಮೊಮ್ಮಗನೂ ಬೇಕು, ಹಳ್ಳಿಯ ಕೊನೇ ಮನೆಯೂ ಬೇಕು. ಇವತ್ತಿನ ವ್ಯಾಪಾರಕ್ಕೆ ಅಜ್ಜಿ ಬೇಡ. ನನ್ನ ತಕರಾರು ಇರೋದು ಅಲ್ಲೇ.

1996ರಲ್ಲಿ ಹೊಸ ದೂರಸಂಪರ್ಕ ಕಾನೂನು ಬಂತು. ದೇಶದಲ್ಲಿ ಒಬ್ಬರು ಎಷ್ಟು ರೇಡಿಯೊ ಸ್ಟೇಷನ್ ಇಟ್ಕೋಬಹುದು ಅನ್ನೋ ಮಿತಿ ಹೋಯ್ತು. ಕೆಲವೇ ವರ್ಷದಲ್ಲಿ ಕ್ಲಿಯರ್ ಚಾನೆಲ್ ಅನ್ನೋ ಒಂದೇ ಕಂಪನಿ ಕೈಗೆ ಸಾವಿರಕ್ಕೂ ಹೆಚ್ಚು ಸ್ಟೇಷನ್! ತನ್ನಿಷ್ಟದ ಹಾಡು ಹಾಕ್ತಿದ್ದ ಊರಿನ ಡಿಜೆ ಹೋದ, ದೂರದ ಆಫೀಸಿಂದ ಪಟ್ಟಿ ಬಂತು. 1998ರಲ್ಲಿ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ ಆಲ್ಬಂಗೆ ಗ್ರ್ಯಾಮಿ ಬಂದಾಗ, ಅದನ್ನ ಮೂಸಿಯೂ ನೋಡದ ಕಂಟ್ರಿ ರೇಡಿಯೊಗೆ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಕ್ಯಾಶ್ ಕಡೆಯವರಿಂದ ಇಡೀ ಪುಟದ "ಧನ್ಯವಾದ" ಬಂತು, ಜೊತೆಗೆ ಕ್ಯಾಶ್ ಮಧ್ಯದ ಬೆರಳು ತೋರಿಸ್ತಿರೋ ಹಳೇ ಫೋಟೊ. ಸೌಜನ್ಯ ಅಂದ್ರೆ ಇದು.

"ಕ್ಲಾಸಿಕ್ ಕಂಟ್ರಿ ಅಂತಾನೇ ಬೇರೆ ಸ್ಟೇಷನ್ ಇವೆಯಲ್ಲ" ಅಂತೀರಾ? ಇವೆ. ಹಾಕಿದ್ದೇ ಹಾಕ್ತವೆ. ಬಹಳ ಕಡೆ 80, 90ರ ದಶಕದ ಹಿಟ್‌ಗಳೇ ಈಗ ಕ್ಲಾಸಿಕ್; ಅದಕ್ಕೂ ಹಿಂದಕ್ಕೆ ಹೋದ್ರೆ ಹ್ಯಾಂಕ್ ವಿಲಿಯಮ್ಸ್ ಥರದ ನಾಲ್ಕಾರು ಹೆಸರು, ಮುಗೀತು.

ಡಿಫೋರ್ಡ್ ಬೈಲಿ ಅನ್ನೋ ಹೆಸರು ಕೇಳಿದೀರಾ? ಕಪ್ಪು ಕಲಾವಿದರು, ಪುಟ್ಟ ಮೈಕಟ್ಟು, ಕೈಯಲ್ಲಿ ಮೌತ್ ಆರ್ಗನ್. 1927ರ ಡಿಸೆಂಬರಿನ ಒಂದು ಶನಿವಾರ ರಾತ್ರಿ, ಡಬ್ಲ್ಯೂಎಸ್ಎಂನಲ್ಲಿ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗೀತಿದ್ದ ಹಾಗೆ, ನಿರೂಪಕ ಜಾರ್ಜ್ ಹೇ "ಇಷ್ಟು ಹೊತ್ತು ಗ್ರ್ಯಾಂಡ್ ಒಪೆರಾ, ಇನ್ನು ಗ್ರ್ಯಾಂಡ್ ಓಲ್ ಆಪ್ರಿ" ಅಂತ ಚಟಾಕಿ ಹಾರಿಸಿದ. ಶನಿವಾರದ ಆ ಕಂಟ್ರಿ ಕಾರ್ಯಕ್ರಮಕ್ಕೆ ಆ ಹೆಸರು ಇವತ್ತಿಗೂ ಉಳಿದಿದೆ. ಆ ರಾತ್ರಿ ಮೊದಲು ನುಡಿಸಿದ್ದು ಬೈಲಿ, ರೈಲಿನ ಟ್ಯೂನು. ಅದನ್ನ ಕೇಳಬೇಕು ನೀವು. ಮೊದಲು ಚಕ್ರದ ಚುಕುಬುಕು, ಅದು ನಿಧಾನಕ್ಕೆ ಜೋರಾಗುತ್ತೆ, ಮಧ್ಯೆ ಎಳೆದು ಎಳೆದು ಸಿಳ್ಳೆ. ಇಷ್ಟಕ್ಕೂ ಇರೋದು ಒಂದು ಬಾಯಿ, ಒಂದು ವಾದ್ಯ. ಈ ಮನುಷ್ಯ ಉಸಿರು ಯಾವಾಗ ತಗೋತಾರೆ ಅಂತ ನನಗಿನ್ನೂ ಗೊತ್ತಾಗಿಲ್ಲ.

1941ರಲ್ಲಿ ರೇಡಿಯೊದವರಿಗೂ ಹಾಡಿನ ಹಕ್ಕು ನೋಡ್ಕೊಳ್ಳೋ ಅಸ್ಕ್ಯಾಪ್ ಸಂಸ್ಥೆಗೂ ಶುಲ್ಕದ ಜಗಳ ಹತ್ತಿತು. ಬೈಲಿ ಹೆಸರು ಮಾಡಿದ್ದ ಟ್ಯೂನುಗಳನ್ನ ಬಿತ್ತರಿಸೋ ಹಾಗಿರಲಿಲ್ಲ. ಅದೇ ವರ್ಷ ಅವರನ್ನ ಕೆಲಸದಿಂದ ತೆಗೆದ್ರು. ಆಮೇಲೆ ಅವರು ಹೊಟ್ಟೆ ಹೊರೆದಿದ್ದು ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಶ್ ಅಂಗಡಿ ಇಟ್ಕೊಂಡು. ತೀರಿಕೊಂಡಿದ್ದು 1982ರಲ್ಲಿ, ಕಂಟ್ರಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ. ನಮ್ಮ ಅಕಾಡೆಮಿಗಳೇ ಪರವಾಗಿಲ್ಲ ಅನ್ನಿಸಿಬಿಡುತ್ತೆ.

ಹೆಂಗಸರ ಕಥೆಯೂ ಹೆಚ್ಚು ಬೇರೆ ಇಲ್ಲ. 2015ರಲ್ಲಿ ಒಬ್ಬ ರೇಡಿಯೊ ಸಲಹೆಗಾರ, ಗಾಯಕಿಯರು ಸಲಾಡಿನ ಟೊಮೆಟೊ ಇದ್ದ ಹಾಗೆ, ಅಲ್ಲೊಂದು ಇಲ್ಲೊಂದು ಇದ್ರೆ ಸಾಕು ಅಂದಿದ್ದ. ಗಾಯಕಿ ಕಿಟ್ಟಿ ವೆಲ್ಸ್ 1952ರಲ್ಲೇ ಕಂಟ್ರಿ ಹಿಟ್ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿದ್ದು ಆ ಮಹಾಶಯನಿಗೆ ಯಾರಾದ್ರೂ ಹೇಳಬೇಕಿತ್ತು.

ಡಬ್ಲ್ಯೂಎಸ್ಎಂ ಈಗಲೂ 650 ಎಎಂನಲ್ಲಿ, 50,000 ವ್ಯಾಟ್ ಶಕ್ತಿಯಲ್ಲಿ ಬರ್ತಿದೆ, ಹಳೇ ಹಾಡುಗಳನ್ನ ಬಿಟ್ಟೂ ಇಲ್ಲ. ಅಲ್ಲಿ ಶನಿವಾರ ಸಂಜೆ ಏಳಕ್ಕೆ ಆಪ್ರಿ ಶುರುವಾದಾಗ ನಮ್ಮಲ್ಲಿ ಭಾನುವಾರ ಬೆಳಗ್ಗೆ ಐದೂವರೆ, ಅವರ ಚಳಿಗಾಲದಲ್ಲಿ ಆರೂವರೆ, ಫೋನಲ್ಲೇ ಕೇಳಬಹುದು. ಉಳಿದ ಕ್ಲಾಸಿಕ್ ಸ್ಟೇಷನ್ನುಗಳಿಗೆ ನನ್ನದು ಒಂದೇ ಬೇಡಿಕೆ. 1927–28ರಲ್ಲಿ ಬೈಲಿ ಮಾಡಿದ ರೆಕಾರ್ಡುಗಳಲ್ಲಿ ಹೊರಬಂದವನ್ನೆಲ್ಲ ಒಟ್ಟು ಮಾಡಿದ್ರೂ ಒಂದು ಗಂಟೆ ತುಂಬಲ್ಲ. ವಾರಕ್ಕೆ ಒಂದಾದ್ರೂ ಹಾಕ್ರಪ್ಪ, ಜಾಹೀರಾತಿಗೆ ಜಾಗ ಉಳಿಯುತ್ತೆ.