ಇಬ್ಬರ ಸಹಿ ಇಲ್ಲದ ಔಟ್‌ಟರ್ನ್ ಬೇಡ

ಎಲ್ಲರಿಗೂ ನಮಸ್ಕಾರ. ಕಣದಲ್ಲಿ ಕಾಫಿ ಹರವಿಟ್ಟು ಗೋಣಿಕೊಪ್ಪಕ್ಕೆ ಇಷ್ಟು ಜನ ಬಂದಿದ್ದೀರಿ. ಮೋಡ ಕಂಡರೆ ಎದ್ದು ಹೋಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಫಿ ಒದ್ದೆಯಾಗಬಾರದು.

ಬ್ಲಾಕ್‌ಚೈನ್ ಅಂದರೆ ಹಲವರು ಹಂಚಿಕೊಂಡು ಇಡುವ, ಒಬ್ಬರೇ ತಿದ್ದಲಾಗದ ಲೆಕ್ಕದ ಪುಸ್ತಕ. ಅಂಥ ಪುಸ್ತಕ ಕಟ್ಟುವ ತಂತ್ರಾಂಶಗಳಾದ ಫ್ಯಾಬ್ರಿಕ್, ಕಾರ್ಡಾ, ಬೆಸು, ಈ ಮೂರರಲ್ಲಿ ನಮ್ಮ ಕಾಫಿ ವ್ಯಾಪಾರಕ್ಕೆ ಯಾವುದು ಒಳ್ಳೆಯದು ಎಂದು ಹೇಳಲು ಕರೆದಿದ್ದೀರಿ. ಅದಕ್ಕೂ ಮೊದಲು ಅಪ್ಪನ ಕಥೆ.

ಒಂದು ವರ್ಷ ಅಪ್ಪ 100 ಚೀಲ ರೋಬಸ್ಟಾ ಚೆರಿ ಮಾರಿದರು. ಮನೆಯಲ್ಲಿ ಸ್ಯಾಂಪಲ್ ಕುಟ್ಟಿ ನೋಡಿದಾಗ ಔಟ್‌ಟರ್ನ್, ಅಂದರೆ 50 ಕೆ.ಜಿ. ಒಣ ಚೆರಿಯಿಂದ ಸಿಗುವ ಕ್ಲೀನ್ ಕಾಫಿಯ ಕೆ.ಜಿ. ಲೆಕ್ಕ, 26 ಬಂದಿತ್ತು. ವ್ಯಾಪಾರಿಯ ಗೋದಾಮಿನಲ್ಲಿ 24 ಅಂದರು. ಎರಡೇ ಪಾಯಿಂಟ್ ತಾನೇ ಎಂದು ಹೊರಗಿನವರು ಹೇಳಬಹುದು, ನೀವು ಹೇಳುವುದಿಲ್ಲ. 50 ಕೆ.ಜಿ. ಚೀಲಕ್ಕೆ 2 ಕೆ.ಜಿ. ಕ್ಲೀನ್ ಕಾಫಿ, 100 ಚೀಲಕ್ಕೆ 200 ಕೆ.ಜಿ.! ಅಪ್ಪ ತಮ್ಮ ನೋಟ್‌ಬುಕ್ ತೆಗೆದರು. ವ್ಯಾಪಾರಿ ತಮ್ಮದನ್ನು ತೆಗೆದರು. ಅಮ್ಮ ಹೊರಗೆ ಜೀಪಿನಲ್ಲಿ ಕಾಯುತ್ತಿದ್ದರು. ಒಂದು ಗಂಟೆ ಮಾತಾಯಿತು. ಕೂಲಿ ಬಟವಾಡೆಯ ದಿನ ಹತ್ತಿರವಿತ್ತು. ಅಪ್ಪ 24ಕ್ಕೇ ಒಪ್ಪಿಕೊಂಡರು. ದಾರಿಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಪುಸ್ತಕ ಎರಡಿದ್ದರೆ ಯಾವಾಗಲೂ ಅವರದ್ದೇ ಯಾಕೆ ಗೆಲ್ಲಬೇಕು?"

ಬೆಂಗಳೂರಿನಲ್ಲಿ ಇಷ್ಟು ವರ್ಷ ಈ ಬ್ಲಾಕ್‌ಚೈನ್ ಕೆಲಸ ಮಾಡುವಾಗಲೂ ನನ್ನ ತಲೆಯಲ್ಲಿ ಇರುವುದು ಅಮ್ಮನ ಆ ಪ್ರಶ್ನೆಯೇ.

ಈಗ ಫ್ಯಾಬ್ರಿಕ್. ಲಿನಕ್ಸ್ ಫೌಂಡೇಶನ್‌ನ ಹೈಪರ್‌ಲೆಡ್ಜರ್ ಯೋಜನೆಯದು, 1.0 ಬಂದದ್ದು 2017ರಲ್ಲಿ. ಗುರುತಿನ ಪ್ರಮಾಣಪತ್ರ ಇದ್ದವರಿಗೆ ಮಾತ್ರ ಪ್ರವೇಶ. ಇದರಲ್ಲಿ ಎಂಡಾರ್ಸ್‌ಮೆಂಟ್ ಪಾಲಿಸಿ ಅಂತ ಒಂದಿದೆ. ಬೆಳೆಗಾರರ ಸಂಘ ಮತ್ತು ಖರೀದಿದಾರ, ಇಬ್ಬರ ಕಡೆಯಿಂದಲೂ ಸಹಿ ಬೀಳದಿದ್ದರೆ ಔಟ್‌ಟರ್ನ್ ಊರ್ಜಿತವಲ್ಲ ಎಂದು ನಿಯಮ ಬರೆದಿಡಬಹುದು. ಅಪ್ಪನಿಗೆ ಅವತ್ತು ಬೇಕಿದ್ದದ್ದು ಇದೇ ಅಲ್ವಾ? ನಿಮ್ಮ ರೇಟು ಪಕ್ಕದವರಿಗೆ ಕಾಣಬಾರದು ಅಂದರೆ ಬೇರೆ ಚಾನೆಲ್ ಮಾಡಿಕೊಳ್ಳಬಹುದು. ಆದರೆ ಇದನ್ನು ನಡೆಸುವುದು ಸುಲಭವಲ್ಲ, ತಿಳಿದವರೊಬ್ಬರು ಜೊತೆಗಿರಲೇಬೇಕು.

ಕಾರ್ಡಾ ಬ್ಯಾಂಕುಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು. 2016ರಲ್ಲಿ ಆರ್3 ಕಂಪನಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಇಲ್ಲಿ ಲೆಕ್ಕ ಹೋಗುವುದು ಆ ವ್ಯವಹಾರದಲ್ಲಿ ಇದ್ದವರಿಗಷ್ಟೇ. ಒಂದೇ ಲಾಟನ್ನು ಇಬ್ಬರಿಗೆ ಮಾರದಂತೆ ನೋಟರಿ ಎಂಬ ವ್ಯವಸ್ಥೆ ತಡೆಯುತ್ತದೆ. ಗೋದಾಮಿನ ರಸೀದಿ ಇಟ್ಟು ಸಾಲ ಪಡೆಯುವವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಬೆಸು ಇಥೀರಿಯಂ ಎಂಬ ಹೆಸರಾಂತ ಬ್ಲಾಕ್‌ಚೈನಿನ ಮನೆತನದ್ದು. ಅದರ ಪ್ರೋಗ್ರಾಂ ಬರೆಯುವ ಭಾಷೆ ಸಾಲಿಡಿಟಿ, ಅದನ್ನು ಕಲಿತ ಹುಡುಗರು ಬೇಗ ಸಿಗುತ್ತಾರೆ. ಇದರ ಕ್ಯೂಬಿಎಫ್‌ಟಿ ಪದ್ಧತಿಯಲ್ಲಿ ಲೆಕ್ಕ ಪರಿಶೀಲಿಸಿ ಒಪ್ಪುವ ನಾಲ್ವರು ವ್ಯಾಲಿಡೇಟರ್‌ಗಳಲ್ಲಿ ಒಬ್ಬ ಸುಳ್ಳು ಹೇಳಿದರೂ ಲೆಕ್ಕ ಕೆಡುವುದಿಲ್ಲ. ಫ್ಯಾಬ್ರಿಕ್‌ನ ರಾಫ್ಟ್ ಪದ್ಧತಿ ಹಾಗಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಒಂದು ಯಂತ್ರ ನಿಂತರೆ ತಾಳಿಕೊಳ್ಳುತ್ತದೆ, ಯಂತ್ರ ನಡೆಸುವವರೇ ಮೋಸಕ್ಕಿಳಿದರೆ ಅದನ್ನು ತಡೆಯಲು ಮಾಡಿದ್ದಲ್ಲ. 2024ರ 3.0ರಲ್ಲಿ ಫ್ಯಾಬ್ರಿಕ್‌ಗೂ ಬಿಎಫ್‌ಟಿ, ಅಂದರೆ ಮೋಸವನ್ನೂ ತಾಳಿಕೊಳ್ಳುವ ಪದ್ಧತಿ, ಬಂತು.

ನಾನು ಫ್ಯಾಬ್ರಿಕ್ ಕಡೆಗಿದ್ದೇನೆ, ಆ ಎರಡು ಸಹಿಗಾಗಿ. ಆದರೆ ಪುಸ್ತಕ ಯಾರ ಕೈಯಲ್ಲಿ ಅನ್ನುವುದು ಇತ್ಯರ್ಥವಾಗದಿದ್ದರೆ ಯಾವುದನ್ನು ಆರಿಸಿದರೂ ಸುಮ್ನೆ ಖರ್ಚು. ಐಬಿಎಂ ಮತ್ತು ಹಡಗು ಕಂಪನಿ ಮೇರ್ಸ್ಕ್ ಸೇರಿ ಹಡಗು ಸಾಗಣೆಗೆ ಟ್ರೇಡ್‌ಲೆನ್ಸ್ ಎಂಬ ಜಾಲ ಕಟ್ಟಿದ್ದವು, ಅದೂ ಫ್ಯಾಬ್ರಿಕ್ ಮೇಲೆ. 2022ರ ನವೆಂಬರ್‌ನಲ್ಲಿ ಮುಚ್ಚುವುದಾಗಿ ಹೇಳಿದವು. ತಂತ್ರಜ್ಞಾನ ಓಡುತ್ತಿತ್ತು. ಇಡೀ ಉದ್ಯಮ ಒಟ್ಟಾಗಿ ಬರಲಿಲ್ಲ. ಪೈಪೋಟಿಯವರ ಪುಸ್ತಕದಲ್ಲಿ ತಮ್ಮ ಲೆಕ್ಕ ಬರೆಯಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಕೊಡಗಿನಲ್ಲೂ ನೋಡ್‌ಗಳೆಲ್ಲ, ಅಂದರೆ ಪುಸ್ತಕದ ಪ್ರತಿ ಇಡುವ ಯಂತ್ರಗಳೆಲ್ಲ, ಖರೀದಿದಾರರ ಬಳಿಯೇ ಇದ್ದರೆ ಅದು ಅವರ ನೋಟ್‌ಬುಕ್ಕೇ, ಬೆಲೆ ಮಾತ್ರ ಜಾಸ್ತಿ. ಸಂಘಗಳು ಸೇರಿ ಒಂದಾದರೂ ನೋಡ್ ಇಟ್ಟುಕೊಳ್ಳಲೇಬೇಕು.

ಸಮಯವಾಯಿತು ಎಂದು ಚೀಟಿ ಬಂದಿದೆ. ಕಾಫಿ ಮಂಡಳಿ 2019ರಲ್ಲಿ ಆರಂಭಿಸಿದ ಬ್ಲಾಕ್‌ಚೈನ್ ಮಾರುಕಟ್ಟೆಯ ಬಗ್ಗೆ ಜಾಸ್ತಿ ಮಾತಾಡಬೇಕಿತ್ತು, ಆಗಲಿಲ್ಲ. ಯುರೋಪಿನ ಕಾಯ್ದೆ ಒಂದೇ ಮಾತಿನಲ್ಲಿ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಮಾರುಕಟ್ಟೆ ಇರದು, ತೋಟ ಎಲ್ಲಿದೆ ಎಂಬ ದಾಖಲೆ ಬೇಕು. ಆ ದಾಖಲೆಯೂ ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ಮಾತು. ತಪ್ಪು ಔಟ್‌ಟರ್ನ್ ಒಳಗೆ ಹೋದರೆ ಯಾವ ಬ್ಲಾಕ್‌ಚೈನೂ ಅದನ್ನು ಸರಿ ಮಾಡುವುದಿಲ್ಲ. ಸ್ಯಾಂಪಲ್ ಇಬ್ಬರ ಎದುರೇ ಕುಟ್ಟಬೇಕು. ಕಳೆದ ಸೀಸನ್ನಿನ ಚೀಟಿ ತಂದವರು ಹಿಂದಿನ ಮೇಜಿಗೆ ಬನ್ನಿ. ಎರಡು ಸಹಿ ಹೇಗೆ ಬೀಳುತ್ತದೆ ಎಂದು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆ.